ನಮ್ಮ ಬ್ಯಾಂಕು, ಎದುರುಗಡೆ ಬ್ಯಾಂಕು

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿರುವ ಬ್ಯಾಂಕನ್ನು ನಮ್ಮ ಯಜಮಾನರು ‘ನಮ್ಮ ಬ್ಯಾಂಕು’ ಎಂದೇ ಕರೆಯುತ್ತಾರೆ. ಫ್ಯಾಕ್ಟರಿಯ ಸಂಬಳ ಅಲ್ಲಿಗೇ ಬರುತ್ತಿತ್ತು. ಕೈಯಲ್ಲಿ ಕಾಸು ಮಿಕ್ಕಾಗಲೆಲ್ಲ ಅದೇ ಬ್ಯಾಂಕಿನ ಷೇರು ಕೊಂಡರು. ಹಳೇ ಗ್ರಾಹಕರಿಗೆಂದು ಕೊಟ್ಟ, ಬ್ಯಾಂಕಿನ ಹೆಸರಿದ್ದ ಛತ್ರಿಯನ್ನು ಬಿಸಿಲಿಗೂ ಹಿಡಿಯುತ್ತಿದ್ದರು.

ಕೆ.ಆರ್. ಪುರದಲ್ಲಿರುವ ಅವರ ಅಕ್ಕನಿಗೆ ಮಂಡಿ ಆಪರೇಷನ್ ಆಗಬೇಕಿತ್ತು. ತಮ್ಮನನ್ನು ಸಾಕಿ ಓದಿಸಿದವರು ಅವರೇ. ನಮ್ಮ ಉಳಿತಾಯವೆಲ್ಲ ಮಗಳ ಮದುವೆಗೆ ಕರಗಿತ್ತು. “ನನ್ನ ಕಾಲಿಗೋಸ್ಕರ ಷೇರು ಮಾರಿದ್ರೆ ನಾನು ಆಸ್ಪತ್ರೆ ಮೆಟ್ಲೇ ಹತ್ತಲ್ಲ ಕಣೋ” ಎಂದಿದ್ದರು ಅಕ್ಕ. ಷೇರನ್ನು ಅಡ ಇಟ್ಟು ಸಾಲ ತರೋಣವೆಂದು ಗಂಡ ಹೆಂಡತಿ ಇಬ್ಬರೂ ನಮ್ಮ ಬ್ಯಾಂಕಿಗೆ ಹೋದೆವು.

ಮ್ಯಾನೇಜರ್ ಚಿಕ್ಕ ವಯಸ್ಸಿನ ಹುಡುಗಿ. “ಸರ್, ಬೇರೆ ಕಂಪನಿ ಷೇರಾದ್ರೆ ನೋಡಬಹುದಿತ್ತು. ನಮ್ಮದೇ ಷೇರಿನ ಮೇಲೆ ನಾವು ಸಾಲ ಕೊಡೋ ಹಾಗಿಲ್ಲ. ಕಾನೂನೇ ಹಾಗಿದೆ” ಎಂದಳು.

“ನಿಮ್ಮ ಷೇರನ್ನ ನೀವೇ ನಂಬಲ್ವೇನಮ್ಮ?”

“ನಾವು ನಂಬ್ತೀವಿ ಸರ್, ಕಾನೂನು ನಮ್ಮನ್ನ ನಂಬಲ್ಲ. ನಾಳೆ ಬ್ಯಾಂಕಿಗೇ ಕಷ್ಟ ಬಂತು ಅನ್ಕೊಳ್ಳಿ, ಷೇರಿನ ಬೆಲೆನೂ ಬಿದ್ದೋಗತ್ತೆ. ಅಡಮಾನ ಬೇಕಾಗೋದು ಅವತ್ತೇ, ಅದು ಇಲ್ಲದೆ ಹೋಗೋದೂ ಅವತ್ತೇ.” ಅವಳೇ ಎದ್ದು ನೀರು ತಂದುಕೊಟ್ಟಳು. “ಎದುರುಗಡೆ ಬ್ಯಾಂಕಲ್ಲಿ ಕೇಳಿ ಸರ್. ಇದೇ ಷೇರನ್ನ ಅವ್ರು ಇಟ್ಕೊಳ್ತಾರೆ.”

ಹೊರಗೆ ಬಂದು ಇವರು ಸೊಪ್ಪಿನ ಗಾಡಿಯ ಪಕ್ಕ ನಿಂತುಬಿಟ್ಟರು. ಎದುರುಗಡೆ ಬ್ಯಾಂಕನ್ನು ಅವರು ಬೈಯದ ದಿನವಿರಲಿಲ್ಲ.

“ನಮ್ಮ ಕಾನ್ವೆಂಟಲ್ಲಿ ಡಿಕ್ಟೇಷನ್ ಆದ್ಮೇಲೆ ನಮ್ಮ ಪುಸ್ತಕ ನಾವೇ ತಿದ್ದೋ ಹಾಗಿರ್ಲಿಲ್ಲ, ರೀ. ಪಕ್ಕದವಳಿಗೆ ಕೊಡ್ಬೇಕಿತ್ತು” ಎಂದೆ.

“ಫಸ್ಟ್ ಬರೋಳಾದ್ರೂ?”

“ಫಸ್ಟ್ ಬರೋಳಾದ್ರೂ. ಅದರಲ್ಲಿ ಅವಮಾನ ಏನಿತ್ತು?”

ಅವರು ರಸ್ತೆ ದಾಟಿದರು. ಎದುರುಗಡೆ ಬ್ಯಾಂಕಿನ ಬಾಗಿಲಲ್ಲಿ ಛತ್ರಿಯನ್ನು ಹೆಸರು ಕಾಣದ ಹಾಗೆ ಸುತ್ತಿ ನನ್ನ ಕೈಗೆ ಕೊಟ್ಟರು. ನಾನದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡೆ.

ಸಾಲ ಮಂಜೂರಾದ ದಿನ ಅಕ್ಕನಿಗೆ ಫೋನ್ ಮಾಡಿದರು.

“ಮಾರಿಲ್ಲ ತಾನೆ?”

“ಇಲ್ಲಕ್ಕ. ಎದುರುಗಡೆ ಬ್ಯಾಂಕಲ್ಲಿ ಇಟ್ಟಿದೀನಿ.”

“ನೀನು ದಿನಾ ಬೈತಿದ್ಯಲ್ಲ, ಅಲ್ಲೇನೋ?” ಅಕ್ಕ ನಕ್ಕಿದ್ದು ನನಗೂ ಕೇಳಿಸಿತು. “ಹಾಗಾದ್ರೆ ಡಾಕ್ಟರ್ ಹತ್ರ ತಾರೀಖು ಕೇಳು.”