ಕೊಪ್ಪದಾಚೆ ನಿಂತ ಅಪ್ಪನ ಕಾರು

ಇವತ್ತು ರಸ್ತೆಬದಿಯಲ್ಲಿ ಕಾದ ಎಂಜಿನ್ನಿನ ವಾಸನೆ ಮೂಗಿಗೆ ಬಡಿದು, ಏಳು ವರ್ಷದ ಹುಡುಗಿಯಾಗಿಬಿಟ್ಟೆ.

ಅಪ್ಪ ಮಡಿಕೇರಿಯಲ್ಲಿ ಹಳೆಯ ಕರಿ ಕಾರೊಂದನ್ನು ಕೊಂಡು, ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ನಮ್ಮೂರು ಪಿರಿಯಾಪಟ್ಟಣಕ್ಕೆ ಹೊರಟಿದ್ದರು. ಕೊಪ್ಪ ದಾಟುತ್ತಲೇ ಬಾನೆಟ್ಟಿನಿಂದ ಹಬೆ ಎದ್ದು ಕಾರು ನಿಂತಿತು. ನೀರು ಹೊಯ್ದು, ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಪ್ಪನ ಅಂಗೈ ಸುಲಿಯಿತು. ಕೊನೆಗೆ ಟೈರಿಗೆ ಒದ್ದರು.

"ಎತ್ತು ಕಟ್ಟಿ ಎಳೀತೀನಿ ಬುಡಿ ಯಜಮಾನ್ರೇ," ಎಂದ ದಾರಿಹೋಕ ಗಾಡಿಯವನು.

"ಬ್ಯಾಡ ಕಣಯ್ಯ! ಊರೋರು ನಗ್ತಾರೆ," ಅಪ್ಪ ರೇಗಿದರು.

ಬಿಸಿಲಲ್ಲಿ ಬೆಂದಿದ್ದ ಅಮ್ಮ, "ನಗೋರು ನಗ್ಲಿ ಕಣ್ರೀ. ನೀವೇ ಕಾಯ್ಕೊಂಡಿರಿ, ನಾವು ಓಗ್ತೀವಿ," ಎಂದು ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು.

ಮರುದಿನ ಎತ್ತುಗಳೇ ಕಾರನ್ನು ಊರಿಗೆ ತಂದವು. ಆದರೆ ನನ್ನ ನೆನಪಲ್ಲಿ ಉಳಿದಿರುವುದು ಹಿಂದಿನ ದಿನದ ಆ ಬಸ್ಸಿನ ಕಿಟಕಿ. ಅಪ್ಪ ಒಂಟಿಯಾಗಿ ನಿಂತು ಕೈ ಬೀಸಿದರು. ಬಿಸಿಲಲ್ಲಿ ನಮ್ಮನ್ನು ಕಾಯಿಸಿದರೆಂಬ ಸಿಟ್ಟಿನಲ್ಲಿ ನಾನು ಮುಖ ತಿರುಗಿಸಿದೆ. ಅದು ಈಗಲೂ ಚುಚ್ಚುತ್ತದೆ.