ಸೋತ ಸುದ್ದಿಗೆ ಹಚ್ಚಿದ ಅರಿಶಿಣ

ಈ ವರ್ಷ ಹೆಲ್ಸಿಂಕಿ ಎಂಬ ಊರಿನ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ಫುಟ್‌ಬಾಲ್ ತಂಡ ಹತ್ತು ಗೋಲು ತಿಂದು ಒಂದು ಗೋಲು ಹೊಡೆದ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ಸುದ್ದಿಯಿದ್ದ ಪೇಪರಿನ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ, ಕಣ್ಣಿಗೊತ್ತಿಕೊಂಡು, ಆಮೇಲೆ ಬಿಡಿಸಿದವನು ಹಿಂದೂಪುರದಲ್ಲೆಲ್ಲ ಒಬ್ಬನೇ. ಅವನು ನಾನು. ಬೆಲ್ಲದ ಮಂಡಿಯ ಗದ್ದಿಗೆಯ ಮೇಲೆ ಕೂರುವ, ಹಣೆಗೆ ವಿಭೂತಿ ಇಡುವ, ಊರವರು ಬುದ್ಧಿವಂತನೆಂದು ತಪ್ಪು ತಿಳಿದಿರುವ ಮನುಷ್ಯ ಈ ಕೆಲಸ ಮಾಡಿದನೆಂದು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ನಮ್ಮ ಊರಿನ ಫುಟ್‌ಬಾಲ್ ಹುಚ್ಚಿನವರು ಎಲ್ಲ ಕೆಲಸವನ್ನೂ ತಡವಾಗಿಯೇ ಮಾಡುವವರು. ಇದರಲ್ಲಿ ನಮ್ಮ ತಪ್ಪೇನೂ ಇಲ್ಲ. ರೇಡಿಯೋ ಇದ್ದ ಮನೆಯವರಿಗೆ ಫುಟ್‌ಬಾಲು ಬೇಕಿರಲಿಲ್ಲ, ಫುಟ್‌ಬಾಲು ಬೇಕಿದ್ದವರ ಮನೆಯಲ್ಲಿ ರೇಡಿಯೋ ಇರಲಿಲ್ಲ. ಹಾಗಾಗಿ ಆಟದ ಸುದ್ದಿ ನಮಗೆ ಬೆಂಗಳೂರಿನ ರೈಲಿನಲ್ಲಿ, ಪೇಪರಿನ ಕಟ್ಟಿನೊಳಗೆ ಬರುತ್ತಿತ್ತು. ಶನಿವಾರ ಆಡಿದ ಆಟ ನಮಗೆ ಸೋಮವಾರ ಗೊತ್ತಾಗುತ್ತಿತ್ತು. ಈ ನಡುವಿನ ಭಾನುವಾರ ನಾವು ಸುಮ್ಮನಿರುತ್ತಿದ್ದೆವೇ? ದರ್ಜಿ ಬಾಷಾ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿಸುತ್ತಿದ್ದ. ನಾನು ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸುತ್ತಿದ್ದೆ. ಅಷ್ಟು ಹೊತ್ತಿಗೆ ಆಟಗಾರರು ಸ್ನಾನ ಮಾಡಿ, ಉಂಡು, ಒಂದು ನಿದ್ದೆಯನ್ನೂ ಮುಗಿಸಿ ಎದ್ದಿರುತ್ತಿದ್ದರು. ಮುಗಿದುಹೋದ ಆಟ ಗೆಲ್ಲಿಸಿಕೊಡು ಎಂದು ಕೇಳಿಕೊಂಡವರನ್ನು ಕಂಡು ಬಸವಣ್ಣನಿಗೆ ಏನನ್ನಿಸಿತೋ, ಅವನಂತೂ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಪೆನುಕೊಂಡದ ಕೋಟೆ ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಒಂದು ಕಾಲಕ್ಕೆ ಈ ಕೋಟೆಯನ್ನಾಳಿದ ಅಷ್ಟು ದೊಡ್ಡ ರಾಜ್ಯದ ಸೈನ್ಯ ಕೃಷ್ಣೆಯ ಆಚೆ ಸೋತ ಸುದ್ದಿ ಈ ಬೆಟ್ಟದ ಬುಡಕ್ಕೆ ಬರಲು ಎಷ್ಟೋ ದಿನ ಹಿಡಿದಿರಬೇಕು. ಆ ದಿನಗಳಲ್ಲಿ ಇಲ್ಲಿನ ಹೆಂಗಸರು ಬೆಳಗಾಗೆದ್ದು ಬಾಗಿಲಿಗೆ ರಂಗೋಲಿ ಇಟ್ಟಿರುತ್ತಾರೆ, ಗಂಡ ಬರುವ ಹೊತ್ತಿಗಿರಲಿ ಎಂದು ಉಪ್ಪಿನಕಾಯಿ ಹಾಕಿರುತ್ತಾರೆ. ಚರಿತ್ರೆಯ ಪುಸ್ತಕಗಳು ಆ ದಿನಗಳ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ನನಗೆ ಮಾತ್ರ ಆ ದಿನಗಳ ಮೇಲೇ ಹೆಚ್ಚು ಮಮತೆ.

ಅರಿಶಿಣದ ಕಥೆಗೆ ಬರುತ್ತೇನೆ. ಅದು ನನ್ನದಲ್ಲ, ಓಬಳೇಶನದು.

ಓಬಳೇಶ ಕಲ್ಯಾಣದುರ್ಗದ ನೇಕಾರರ ಮಗ. ಸೋದರಮಾವನ ಮಗ್ಗದಲ್ಲಿ ಕೆಲಸಕ್ಕೆಂದು ಹಿಂದೂಪುರಕ್ಕೆ ಬಂದವನು. ಹಗಲೆಲ್ಲ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಿದ್ದ. ಸಂಜೆ ಅದೇ ಕಾಲಿನಲ್ಲಿ ಕೆರೆಯ ಅಂಗಳದಲ್ಲಿ ನಮ್ಮ ಜೊತೆ ಚೆಂಡು ಒದೆಯುತ್ತಿದ್ದ. ನಾವೆಲ್ಲ ಬರಿಗಾಲಿನವರೇ, ಆದರೆ ಅವನ ಬರಿಗಾಲಿಗೆ ಬೆರಳುಗಳಲ್ಲೇ ಬುದ್ಧಿಯಿತ್ತು. ಅವನ ತಾಯಿ ಸಾಕಮ್ಮನಿಗೆ ಓದು ಬಾರದು. ಆದ್ದರಿಂದ ಅವನು ಒಂದು ಉಪಾಯ ಮಾಡಿಕೊಂಡಿದ್ದ. ನಮ್ಮ ತಂಡ ಗೆದ್ದರೆ ಊರಿಗೆ ಹಾಕುವ ಕಾರ್ಡಿನ ನಾಲ್ಕು ಮೂಲೆಗೆ, ಮದುವೆಯ ಕಾಗದಕ್ಕೆ ಹಚ್ಚಿದ ಹಾಗೆ, ಅರಿಶಿಣ ಹಚ್ಚುತ್ತಿದ್ದ. ಸೋತರೆ ಬರೀ ಕಾರ್ಡು. ಆಕೆ ಯಾರಿಂದಲೂ ಓದಿಸದೆ, ಅಂಚೆಯವನ ಕೈಯಲ್ಲಿರುವಾಗಲೇ ನೋಡಿ, ಮಗ ಗೆದ್ದನೆಂದು ಬೀದಿಗೆಲ್ಲ ಹೇಳಿಬಿಡುತ್ತಿದ್ದಳಂತೆ. ಕ್ರಮೇಣ ಇದು ನಮ್ಮ ತಂಡಕ್ಕೇ ಅಂಟಿಕೊಂಡಿತು. ದೂರದ ಊರುಗಳ ಆಟದ ಸುದ್ದಿ ಹೊತ್ತು ಬಂದ ಪೇಪರಿಗೂ ಅರಿಶಿಣ ಹಚ್ಚಿಯೇ ಬಿಡಿಸಬೇಕು, ಬಿಡಿಸುವ ಕೈ ಓಬಳೇಶನದೇ ಆಗಬೇಕು. ಅವನ ಕೈಗುಣ ಒಳ್ಳೆಯದೆಂದು ಬಾಷಾ ತೀರ್ಮಾನ ಮಾಡಿಬಿಟ್ಟಿದ್ದ. ಬಿಡಿಸುವ ತನಕ ಒಳಗಿನ ಅಕ್ಷರ ಬದಲಾಗಬಹುದೆಂದು ನಾವೆಲ್ಲ ಮನಸ್ಸಿನ ಯಾವುದೋ ಮೂಲೆಯಲ್ಲಿ ನಂಬಿದ್ದೆವು.

ಒಂದು ಸಂಜೆ ಗೋರಂಟ್ಲದವರ ಮೇಲೆ ಆಟ. ಕೊನೆಯಲ್ಲಿ ನಮಗೊಂದು ಪೆನಾಲ್ಟಿ ಸಿಕ್ಕಿತು. ಓಬಳೇಶ ಒದ್ದ, ಚೆಂಡು ಕಂಬದ ಆಚೆ ಹೋಗಿ ಜಾಲಿಗಿಡದೊಳಗೆ ಸೇರಿತು. ಸೋತೆವು. ನಾನು ಆ ತಂಡದ ನಾಯಕ. ನಾಯಕನಾದದ್ದಕ್ಕೆ ಕಾರಣ ಚೆಂಡು ನಮ್ಮ ಮಂಡಿಯದು ಎಂಬುದಷ್ಟೇ. ಆದರೂ ಎಲ್ಲರೆದುರು ಅಂದುಬಿಟ್ಟೆ:

“ಗುಂಡ್ಯಾಗೆ ತುಳ್ಯೋ ಕಾಲು ಕಣ್ಲಾ ಅದು, ಬಯಲಾಗೆ ಏನ್ ಒದ್ದೀತು?”

ಅವನು ತನ್ನ ಕಾಲನ್ನೇ ಒಮ್ಮೆ ನೋಡಿಕೊಂಡ. ತಿರುಗಿ ಬೈದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಆ ವಾರವೇ ಕಲ್ಯಾಣದುರ್ಗಕ್ಕೆ ಹೊರಟುಹೋದ. ನಾನು ಕ್ಷಮೆ ಕೇಳಬೇಕೆಂದು ಎರಡು ವರ್ಷ ಯೋಚಿಸಿದೆ. ಯೋಚಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವನೇ ಮೊದಲು ಬರೆಯಲಿ ಎನ್ನುವ ಹಟವೂ ಇತ್ತು. ಬೆಲ್ಲದ ವ್ಯಾಪಾರ ಮಾಡುವ ನಾಲಿಗೆಯಿಂದ ಅಂಥ ಮಾತು ಹೇಗೆ ಬಂತೆಂಬ ನಾಚಿಕೆಯೂ ಇತ್ತು.

ಆಗ, ಈಗ್ಗೆ ನಾಲ್ಕು ವರ್ಷದ ಹಿಂದೆ, ಲಂಡನ್ ಒಲಿಂಪಿಕ್ಸ್ ಬಂತು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮದೇ ಬಾವುಟ ಹಿಡಿದು ನಮ್ಮ ಹನ್ನೊಂದು ಜನ ಫ್ರಾನ್ಸಿನವರ ಮೇಲೆ ಆಡುತ್ತಾರೆಂದರೆ ನಮಗೆ ಊಟ ಸೇರುತ್ತದೆಯೇ? ಅವರಲ್ಲೂ ಹೆಚ್ಚಿನವರು ಬರಿಗಾಲಿನವರು ಎಂದು ತಿಳಿದ ಮೇಲಂತೂ ಬಾಷಾ ಅವರನ್ನೆಲ್ಲ ತನ್ನ ದಾಯಾದಿಗಳೆಂಬಂತೆ ಮಾತಾಡತೊಡಗಿದ. ಶನಿವಾರ ಆಟ. ಭಾನುವಾರ ಎಂದಿನಂತೆ ಕಾಯಿ, ಸಕ್ಕರೆ. ಸೋಮವಾರ ರೈಲು ಬಂತು. ಬಾಷಾನ ಅಂಗಡಿಯ ಹಲಗೆಯ ಮೇಲೆ ಪೇಪರಿಟ್ಟು ಅರಿಶಿಣ ಹಚ್ಚಿದೆವು. ಬಿಡಿಸಲು ಯಾರೂ ಕೈ ಹಾಕಲಿಲ್ಲ.

“ಅವನಿದ್ದಿದ್ರೆ ಆಯ್ತಿತ್ತು ಕಣ್ ಬಸಣ್ಣ,” ಎಂದ ಬಾಷಾ. “ನೀನೇ ಕಳಿಸ್ದೋನು, ನೀನೇ ಬಿಡ್ಸು.”

ಬಿಡಿಸಿದೆ. ಎರಡಕ್ಕೆ ಒಂದು. ಕೊನೆಯ ಗಳಿಗೆಯಲ್ಲಿ ಗೋಲು ಕೊಟ್ಟು ಸೋತಿದ್ದೆವು. ಅದಕ್ಕಿಂತ ದೊಡ್ಡ ಸಂಕಟ ಮುಂದಿನ ಸಾಲಿನಲ್ಲಿತ್ತು: ನಮಗೆ ಸಿಕ್ಕ ಎರಡು ಪೆನಾಲ್ಟಿಯೂ ತಪ್ಪಿಹೋಗಿದ್ದವು. ಬಾಷಾ ಹೊಲಿಗೆಯಂತ್ರದ ಮೇಲೆ ತಲೆಯಿಟ್ಟ. ನಾನು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ದೇಶದ ಅತಿ ಒಳ್ಳೆಯ ಕಾಲುಗಳೂ ಅಷ್ಟು ಹತ್ತಿರದಿಂದ ತಪ್ಪಿಸುತ್ತವೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಒಂದು ದೇಶ ಸೋಲಬೇಕಾಯಿತು.

ಅಲ್ಲೇ ಕೂತು ಕಾರ್ಡು ಬರೆದೆ. “ಓಬಳೇಶ, ಲಂಡನ್ನಿನಲ್ಲಿ ನಮ್ಮವರು ಎರಡು ಪೆನಾಲ್ಟಿ ತಪ್ಪಿಸಿದರು. ನೀನು ತಪ್ಪಿಸಿದ್ದು ಒಂದೇ. ನಾನು ಆಡಿದ ಮಾತು ತಪ್ಪು, ಮರೆತುಬಿಡು. ನೀನಿಲ್ಲದೆ ಇಲ್ಲಿ ಪೇಪರು ಬಿಡಿಸುವವರೂ ಇಲ್ಲ. ಬಾ.” ಸೋಲಿನ ಕಾರ್ಡಿಗೆ ಅರಿಶಿಣ ಹಚ್ಚುವುದು ನಮ್ಮ ಪದ್ಧತಿಯಲ್ಲ. ಆದರೆ ಎರಡು ವರ್ಷದ ಮೇಲೆ ನನ್ನ ಹಟ ಸೋತಿತ್ತಲ್ಲ, ಅದು ಗೆಲುವೇ ಎಂದುಕೊಂಡು ನಾಲ್ಕು ಮೂಲೆಗೂ ಧಾರಾಳವಾಗಿ ಹಚ್ಚಿ ಅಂಚೆಡಬ್ಬಿಗೆ ಹಾಕಿದೆ. ಮನಸ್ಸು ಹಗುರಾಯಿತು. ಅವತ್ತೂ ಮಾರನೆಯ ದಿನವೂ ಗಿರಾಕಿಗಳ ಜೊತೆ ನಗುನಗುತ್ತ ಮಾತಾಡಿದೆ. ಅವನು ಬಂದರೆ ನಮ್ಮ ಮನೆಯಲ್ಲೇ ಉಳಿಸಿಕೊಳ್ಳುವುದೆಂದು ಅಮ್ಮನಿಗೂ ಹೇಳಿದೆ.

ಬುಧವಾರ ಕಲ್ಯಾಣದುರ್ಗದಿಂದ ಕಾರ್ಡು ಬಂತು. ಅದರ ಒಂದು ಮೂಲೆ ಹರಿದಿತ್ತು. ಅದು ಸಾವಿನ ಕಾಗದದ ಗುರುತು; ಅಂಥದನ್ನು ಹೊಸಲು ದಾಟಿಸುವುದಿಲ್ಲ. ಅಪ್ಪ ಜಗುಲಿಯ ಮೇಲೆ ನಿಂತೇ ಓದಿ, ಹರಿದುಹಾಕಿ, “ಸ್ನಾನ ಮಾಡಪ್ಪ,” ಎಂದರು. ವಿಷಮಜ್ವರದಿಂದ ಓಬಳೇಶ ಭಾನುವಾರ ಹೋಗಿದ್ದ. ಬರೆದಿದ್ದವನು ಅವನ ಅಣ್ಣ.

ಭಾನುವಾರ ನಾನು ಕಾಯಿ ಒಡೆಸಿದ್ದೆ. ಸೋಮವಾರ ಅವನಿಗೆ ಬಾ ಎಂದು ಬರೆದಿದ್ದೆ. ಮಂಗಳವಾರ ಅವನಿಗೆ ಯಾವ ಕೋಣೆ ಕೊಡಬೇಕೆಂದು ಮಾತಾಡಿದ್ದೆ. ಮೂರು ದಿನ ನನ್ನ ಪಾಲಿಗೆ ಅವನು ಬದುಕೇ ಇದ್ದ. ಸ್ನಾನಕ್ಕೆ ನೀರು ಸುರಿದುಕೊಳ್ಳುವಾಗ ಇನ್ನೊಂದು ವಿಷಯ ಹೊಳೆದು ಚೊಂಬು ಕೆಳಗಿಟ್ಟೆ. ಅದೇ ಹೊತ್ತಿಗೆ ನನ್ನ ಕಾರ್ಡು, ನಾಲ್ಕು ಮೂಲೆಗೆ ಮದುವೆಯ ಅರಿಶಿಣ ಹಚ್ಚಿಕೊಂಡು, ಆ ಸಾವಿನ ಮನೆಗೆ ಹೋಗಿ ಮುಟ್ಟಿರಬೇಕು.

ಹನ್ನೊಂದನೆಯ ದಿನ, ಪೆನುಕೊಂಡ, ಅನಂತಪುರ ಹಾದು, ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಬೈಸಿಕೊಳ್ಳಲು ತಯಾರಾಗುತ್ತಿದ್ದೆ. ಓಬಳೇಶನ ಅಣ್ಣ ನನ್ನನ್ನು ಗುರುತು ಹಿಡಿದು ಮುಖ ತಿರುಗಿಸಿದ. ಸಾಕಮ್ಮ ಮಾತ್ರ ಹತ್ತಿರ ಕರೆದು ಕೂರಿಸಿಕೊಂಡಳು. ನಿಂತುಹೋದ ಮಗ್ಗದ ಪಕ್ಕದಲ್ಲೇ ಚಾಪೆ ಹಾಕಿದ್ದರು.

“ತಪ್ಪಾಯ್ತಮ್ಮ,” ಎಂದೆ. “ಗೊತ್ತಿರ್ಲಿಲ್ಲ. ಅರಿಶಿಣ ಹಚ್ಬಿಟ್ಟೆ. ಕಾಗ್ದಾನೂ ತಡವಾಗ್ಬುಡ್ತು.”

“ತಡ ಎಲ್ಲಾಯ್ತು ಕಣಪ್ಪ,” ಎಂದಳು ಆಕೆ. “ಅದು ಮುಂಚೇನೇ ಬಂದಿತ್ತು.”

ದುಃಖದಲ್ಲಿ ದಿನಗಳ ಲೆಕ್ಕ ತಪ್ಪಿದೆ ಎಂದುಕೊಂಡೆ. ತಪ್ಪಿರಲಿಲ್ಲ.

“ಶನ್ವಾರ ಮದ್ಯಾನ ಕೇಳ್ದ, ಹಿಂದೂಪುರದಿಂದ ಬಸಣ್ಣನ ಕಾಗ್ದ ಬಂತೇನಮ್ಮ ಅಂತ. ದಿನಾ ಕೇಳ್ತಿದ್ದ, ಈ ಎರಡು ವರ್ಸಾನೂ. ಅವತ್ತು ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಬಂತು ಕಣಪ್ಪ ಅಂದ್ಬುಟ್ಟೆ. ಅರಿಶ್ನ ಐತಾ ಅಂದ. ಒಳೀಕೋಗಿ, ನೂಲಿನಂಗ್ಡೀದು ಒಂದು ಹಳೇ ಕಾರ್ಡಿತ್ತು, ಅದ್ಕೆ ನಾಕು ಮೂಲೇಗೂ ಅರಿಶ್ನ ಬಳ್ದು ತಂದು ಕೈಗೆ ಕೊಟ್ಟೆ. ಕಣ್ಣು ಮಂಜಾಗೋಗಿತ್ತು, ಅಕ್ಸರ ಎಲ್ಲಿ ಕಾಣ್ಬೇಕು. ಏನ್ ಬರ್ದವ್ನೆ ಅಂದ. ಬಾ ಅಂತ ಬರ್ದವ್ನೆ, ನೀನಿಲ್ದೆ ಏನೂ ನಡ್ಯಾಕಿಲ್ವಂತೆ ಅಂದೆ. ಗೆದ್ವಾ ಅಂದ. ಊಂ ಅಂದೆ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಬುದ್ವಾರ ನಿನ್ ಕಾರ್ಡು ಬಂತಲ್ಲ, ದೊಡ್ಡೋನು ಅರಿಶ್ನ ನೋಡಿ ಹರ್ದಾಕ್ತೀನಿ ಅಂದ. ಓದ್ಲಾ ಮೊದ್ಲು ಅಂದೆ. ಓದ್ದ. ನಾನ್ ಹೇಳಿದ್ದೇ ಬರ್ದಿದ್ದೆಯಲ್ಲಪ್ಪ ನೀನು! ಅಯ್ಯೋ ಸಾಮೀ, ನಾನು ಸುಳ್ಳು ಹೇಳಿರ್ಲಿಲ್ಲ ಅಂತ ಆಗ ಅತ್ತೆ.”

ನಾನೂ ಅತ್ತೆ. ಅಳುವುದರಲ್ಲಾದರೂ ತಡಮಾಡಲಿಲ್ಲ. ಆಕೆ ಎರಡು ಕಾರ್ಡುಗಳನ್ನೂ ಮಗ್ಗದ ಮೇಲಿನ ಗೂಡಿನಿಂದ ತೆಗೆದು ತೋರಿಸಿದಳು. ಒಂದರಲ್ಲಿ ಯಾವುದೋ ನೂಲಿನ ವಿಷಯವಿತ್ತು. ಅದರ ಅರಿಶಿಣದ ಮೇಲೆ ಬೆರಳ ಗುರುತಿತ್ತು, ಅವನು ಬಿಗಿಯಾಗಿ ಹಿಡಿದುಕೊಂಡಿದ್ದನಂತೆ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಶನಿವಾರ ಮಧ್ಯಾಹ್ನ ಅವನು ಗೆದ್ದೆವಾ ಎಂದು ಕೇಳಿದಾಗ ಲಂಡನ್ನಿನಲ್ಲಿ ಇನ್ನೂ ಚೆಂಡನ್ನೇ ಮುಟ್ಟಿರಲಿಲ್ಲ. ಆ ಹೊತ್ತಿಗೆ ನಾವು ಸೋತಿರಲಿಲ್ಲ, ಯಾವ ಪೆನಾಲ್ಟಿಯೂ ತಪ್ಪಿರಲಿಲ್ಲ. ಜೀವಮಾನವೆಲ್ಲ ತಡವಾಗಿ ಬಂದ ಸುದ್ದಿಯನ್ನೇ ಉಂಡ ನನ್ನ ಗೆಳೆಯನಿಗೆ ಒಂದು ಸುದ್ದಿಯಾದರೂ ಬೇಗ ಸಿಕ್ಕಿತು. ಎರಡು ವರ್ಷ ನಾನು ಬರೆಯದ ಕಾಗದವನ್ನು ಅಕ್ಷರ ಬಾರದ ಸಾಕಮ್ಮ ಒಂದು ಗಳಿಗೆಯಲ್ಲಿ ಬರೆದುಕೊಟ್ಟಿದ್ದಳು. ನಾನು ಬರೆಯಬಹುದಾಗಿತ್ತು ಎಂಬುದು ಮಾತ್ರ ಈಗಲೂ ಉಣ್ಣುವಾಗ, ವ್ಯಾಪಾರದ ನಡುವೆ, ಹೊತ್ತುಗೊತ್ತಿಲ್ಲದೆ ಬಂದು ಎದೆಗೆ ಒದೆಯುತ್ತದೆ. ಆ ಒದೆತ ಒಂದು ದಿನವೂ ಗುರಿ ತಪ್ಪಿಲ್ಲ.

ಅಂದಿನಿಂದ ನಮ್ಮವರು ಎಲ್ಲೇ ಆಡಲಿ, ಪೇಪರಿಗೆ ಅರಿಶಿಣ ಹಚ್ಚಿ ನಾನೇ ಬಿಡಿಸುತ್ತೇನೆ. ಆಮೇಲೆ ಸಾಕಮ್ಮನಿಗೆ ಒಂದು ಕಾರ್ಡು, ಅದರ ಮೂಲೆಗೂ ಅರಿಶಿಣ. ಹೋದ ವರ್ಷ ದಿಲ್ಲಿಯಲ್ಲಿ ನಿಜವಾಗಿ ಗೆದ್ದಾಗ ಹೋದದ್ದೂ ಅಂಥದೇ ಕಾರ್ಡು; ಆಕೆಗೆ ವಿಶೇಷವೇನೂ ಕಂಡಿರಲಾರದು. ಈ ಸಲ ಹತ್ತು ಗೋಲಿನ ಪೇಪರು ಮಡಿಸಿಟ್ಟು ಕಾರ್ಡಿಗೆ ಕೈ ಹಾಕಿದಾಗ ಬಾಷಾ ತಡೆದ.

“ಹತ್ತು ಕಣ್ ಬಸಣ್ಣ. ಇದಕ್ಕಾದ್ರೂ ಬ್ಯಾಡ ಬಿಡು.”

ನಾನು ಹಚ್ಚಿದೆ. ಹೋದ ವಾರ ಯಾರ ಕೈಯಲ್ಲೋ ಬರೆಸಿದ ಉತ್ತರ ಬಂದಿದೆ: ಗೆದ್ದದ್ದು ಕೇಳಿ ಬೀದಿಯವರಿಗೆಲ್ಲ ಸಂತೋಷವಾಯಿತಂತೆ. ಪ್ರಪಂಚದ ಪೇಪರುಗಳು ಏನಾದರೂ ಬರೆದುಕೊಳ್ಳಲಿ, ಕಲ್ಯಾಣದುರ್ಗದ ಒಂದು ಮನೆಯಲ್ಲಿ ನಮ್ಮವರು ಇಲ್ಲಿಯವರೆಗೆ ಒಂದು ಆಟವನ್ನೂ ಸೋತಿಲ್ಲ.