ಮೌಲಾಸಾಬರ ಮೂಗು

ಪೇಂಟರ್ ಮೌಲಾಸಾಬರು ಯಾರ ಚಿತ್ರ ಬರೆದರೂ ಮೂಗು ಮಾತ್ರ ತಮ್ಮದೇ ಇಡುತ್ತಿದ್ದರು. ಬೈಲಹೊಂಗಲದ ಬಜಾರದಲ್ಲಿ ಅವರ ಬೋರ್ಡುಗಳನ್ನು ನೋಡುತ್ತ ಹೋದರೆ, ಹಲ್ಲಿನ ದವಾಖಾನೆಯ ನಗುವ ಹೆಂಗಸಿಗೂ, ಬೀಜದಂಗಡಿಯ ರೈತನಿಗೂ, ಕಟಿಂಗ್ ಶಾಪಿನ ತರುಣನಿಗೂ ಅದೇ ನಡುವೆ ಉಬ್ಬಿ ತುದಿಗೆ ಬಾಗಿದ ಮೂಗು. ಯಾಕೆಂದು ಕೇಳಿದರೆ ಗೋಡೆಯ ಮೇಲಿನ ದಾಡಿ ಕನ್ನಡಿ ತೋರಿಸುತ್ತಿದ್ದರು.

“ಮಂದೀನ್ನ ಎಷ್ಟೊತ್ತ ಕುಂದರಸೂದ್ರಿ ಅಕ್ಕಾರ? ಇಂವ ಆದ್ರ ಪುಕ್ಕಟ ಕುಂದರತಾನ.”

ನಾನು ಸರಕಾರಿ ದವಾಖಾನೆಯಲ್ಲಿ ಎಚ್‌ಐವಿ ಇದ್ದವರಿಗೆ ತಿಳಿಹೇಳುವ ಕೆಲಸದವಳು. ಮುಟ್ಟಿದರೆ ಬರುವುದಿಲ್ಲ, ಕೂಡಿ ಉಂಡರೆ ಬರುವುದಿಲ್ಲ, ಗುಳಿಗೆ ತಪ್ಪಿಸಬೇಡಿರಿ. ಇಷ್ಟೇ ಮಾತನ್ನು ಊರೂರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ನಾವು ಹಂಚಿದ ಕರಪತ್ರದಲ್ಲೇ ಸಂಪಗಾಂವದಲ್ಲಿ ಒಬ್ಬರು ನನಗೆ ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದರು. ಭಜಿ ಚೆನ್ನಾಗಿತ್ತು, ತಿಂದೆ. ಬರೀ ಅಕ್ಷರ ಯಾರೂ ಓದುವುದಿಲ್ಲ, ಚಿತ್ರಕಥೆಯ ಪುಸ್ತಕ ಮಾಡೋಣ ಎಂದು ಮೇಲಿನವರು ಹೇಳಿದಾಗ ನಾನು ಮೌಲಾಸಾಬರನ್ನು ಹುಡುಕಿಕೊಂಡು ಹೋದೆ.

ಕಥೆ ಸರಳ. ಡ್ರೈವರ್ ಬಸಣ್ಣನಿಗೆ ಎಚ್‌ಐವಿ ಬರುತ್ತದೆ, ಅಳುತ್ತಾನೆ, ದವಾಖಾನೆಗೆ ಬರುತ್ತಾನೆ, ಗುಳಿಗೆ ತೆಗೆದುಕೊಂಡು ಹೆಂಡತಿ ಮಕ್ಕಳೊಡನೆ ಬಾಳುತ್ತಾನೆ. ಲಾರಿ, ಧಾಬಾ, ನಮ್ಮ ದವಾಖಾನೆಯಲ್ಲಿ ಮಂದಿ ಕೂರುವ ಮುರುಕು ಬಾಕು, ಎಲ್ಲ ಕಣ್ಣಿಗೆ ಕಟ್ಟುವಂತೆ ಬರೆದುಕೊಟ್ಟರು. ಅಚ್ಚಾಗಿ ಬಂದಾಗ ನೋಡುತ್ತೇನೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಡ್ರೈವರ್ ಬಸಣ್ಣ ಅಂದರೆ ಮೌಲಾಸಾಬರೇ. ಬಸಣ್ಣನ ಹೆಂಡತಿ ಅವರ ಹೆಂಡತಿ ಹುಸೇನಬಿ, ಹಸಿರು ಇಳಕಲ್ ಸೀರೆ ಸಮೇತ.

ನಮ್ಮ ಮಂದಿಗೆ ಪುಸ್ತಕದಲ್ಲಿ ಯಾರ ಮುಖ ಬಂದಿದೆಯೋ ಕಥೆಯೂ ಅವರದೇ. ಪೇಂಟರ್‌ಗೆ ಆ ರೋಗ ಐತೆಂತ, ತಾನೇ ಬರೆದುಕೊಂಡಾನಂತ ಎಂದು ಬಜಾರ ತುಂಬ ಸುದ್ದಿಯಾಯಿತು. ಬಸ್ ಸ್ಟ್ಯಾಂಡಿನ ಚಾದಂಗಡಿಯವನು ಅವರಿಗೆಂದೇ ಒಂದು ಸ್ಟೀಲ್ ಕಪ್ಪು ತಂದು ಮೊಳೆಗೆ ತೂಗುಹಾಕಿದ. ಕೂಡಿ ಚಾ ಕುಡಿದರೆ ಏನೂ ಆಗುವುದಿಲ್ಲ ಎಂಬ ಪುಟವಿರುವ ನಮ್ಮ ಪುಸ್ತಕ ಅದೇ ಅಂಗಡಿಯ ಬಾಕಿನ ಮೇಲಿತ್ತು. ಗಿರಾಕಿಗಳು ಓದಿ ನಕ್ಕು ಇಡುತ್ತಿದ್ದರು. ಮೌಲಾಸಾಬರು ಜಗಳ ತೆಗೆಯಲಿಲ್ಲ. ಮರುದಿನ ಕೆಂಪು ಬಣ್ಣ ಒಯ್ದು ಆ ಕಪ್ಪಿನ ಮೇಲೆ ‘ಮೌಲಾ ಆರ್ಟ್ಸ್’ ಎಂದು ಬಳ್ಳಿ ಎಳೆದು ಬರೆದು ಬಂದರು. “ಬಿಟ್ಟಿ ಜಾಹೀರಾತು ಆತ ಬಿಡ್ರಿ,” ಎಂದರು.

ನಕ್ಕರೇನೋ ನಿಜ, ಕೆಲಸ ಕಡಿಮೆಯಾಯಿತು. ಮದುವೆ ಮನೆಯ ಗೋಡೆ ಬರೆಯಲು ಕರೆಯುವವರು ನಿಂತರು. ಹುಸೇನಬಿ ಒಂದು ದಿನ ನನ್ನನ್ನು ಓಣಿಯಲ್ಲೇ ತಡೆದಳು.

“ನಿಮ್ಮ ಪುಸ್ತಕಾ ಬಂದಾಗಿಂದ ನನ್ನ ಕೈಯಾಗಿನ ರೊಟ್ಟಿ ಯಾರೂ ಮುಟ್ಟವಲ್ರು ಅಕ್ಕಾರ. ಇದನ್ನ ನೀವ ಬಗಿಹರಸ್ರಿ.”

ಆಕೆಯ ಮಾತು ನ್ಯಾಯವಾಗಿತ್ತು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತಪಾಸಣೆ ಮಾಡಿಸಿದೆ. ಇಬ್ಬರಿಗೂ ಏನೂ ಇರಲಿಲ್ಲ. ರಿಪೋರ್ಟ್ ಕೈಗೆ ಬಂದಾಗ ಮೌಲಾಸಾಬರು ಹಿಗ್ಗಿ, “ಇದಕ್ಕ ಫ್ರೇಮ್ ಹಾಕಿಸಿ ಅಂಗಡ್ಯಾಗ ತೂಗಬಿಡತೇನಿ,” ಎಂದು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅಂದೇ ನನಗೆ ಮುನವಳ್ಳಿಯಲ್ಲಿ ಹೆಣ್ಣುಮಕ್ಕಳ ಸಭೆಯಿತ್ತು. ಜನ ಪುಸ್ತಕ ಹೆಂಗೆ ಓದುತ್ತಾರೆ ನೋಡಬೇಕೆಂದು ಅವರೂ ಬಸ್ ಹತ್ತಿದರು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ಉಳಿದಳು. ರುಕ್ಮಿಣಿ ಎಂದು ಕರೆಯುತ್ತೇನೆ, ಅವಳ ಹೆಸರು ಅದಲ್ಲ. ಗಂಡ ಇದೇ ರೋಗದಿಂದ ತೀರಿದ್ದ, ಇವಳಿಗೂ ಇತ್ತು. ಗುಳಿಗೆ ಸುರು ಮಾಡು ಎಂದು ನಾನು ಎಷ್ಟು ಸಲ ಅವಳ ಮನೆಗೆ ತಿರುಗಿದ್ದೆನೋ. ಹೆಂಗೂ ಸಾಯೂದ ಐತಿ, ಯಾಕ ಬೇಕ್ರಿ ಎನ್ನುತ್ತಿದ್ದಳು. ಈಗ ಪುಸ್ತಕ ಹಿಡಿದು ಮೌಲಾಸಾಬರ ಮುಂದೆ ನಿಂತಳು.

“ಕಾಕಾ, ಇದು ನೀವ ಅಲ್ರಿ?”

“ಹೌದವಾ, ನಾನ,” ಎಂದು ಅವರು ಮೂಗು ಸವರಿಕೊಂಡರು.

“ಗುಳಿಗಿ ತಗೊಳ್ಳಾಕ ಹತ್ತಿ ಎಷ್ಟ ವರ್ಷ ಆತ್ರಿ?”

ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಮೌಲಾಸಾಬರು ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದರು. ಕೈ ಹೋಗಿ ರಿಪೋರ್ಟಿದ್ದ ಕಿಸೆಯನ್ನು ಮುಚ್ಚಿಕೊಂಡಿತು.

“ಹತ್ತ ವರ್ಷ ಆತು. ನೋಡಲ್ಲಾ, ಎಮ್ಮಿ ಆದಂಗ ಆಗೇನಿ. ನೀ ಇನ್ನಾ ಸಣ್ಣಾಕಿ ಅದೀ.”

ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಾದೆ. ನಮ್ಮ ಕೆಲಸದಲ್ಲಿ ಸುಳ್ಳು ಹೇಳಬಾರದು ಎಂದೆ.

“ನೀವು ಇಷ್ಟ ದಿನಾ ಖರೇನ ಹೇಳೀರಿ. ಆಕಿ ಬಂದಿದ್ಲೇನ್ರಿ?” ಎಂದರು. ಆಮೇಲೆ ಕಿಸೆಯಿಂದ ರಿಪೋರ್ಟ್ ತೆಗೆದು, “ಈ ಚೀಟಿ ತೂಗ ಹಾಕಿದ್ರ ನಾಳೆ ಆಕಿ ಕಿವಿಗೂ ಬೀಳತೈತಿ. ಬ್ಯಾಡ ಬಿಡ್ರಿ,” ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ಮುಂದಿನ ವಾರ ರುಕ್ಮಿಣಿ ಗುಳಿಗೆಗೆ ಬಂದಳು. ಖುಷಿಯಾಯಿತು, ಒಳಗೊಳಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಚಾದಂಗಡಿಯಲ್ಲಿ ಅವರ ಸ್ಟೀಲ್ ಕಪ್ಪು ಮೊಳೆಗೇ ಉಳಿಯಿತು. ಸಂಗತಿ ಕೇಳಿ ಹುಸೇನಬಿ ಎಷ್ಟೋ ದಿನ ಗಂಡನ ಜೊತೆ ಮಾತು ಬಿಟ್ಟಿದ್ದಳು. ಅವರಿಗೇನು, ಬಜಾರಕ್ಕೆ ಹೋಗಿ ನಕ್ಕು ಬರುತ್ತಿದ್ದರು. ಓಣಿಯ ಹೆಂಗಸರ ನಡುವೆ ದಿನಾ ನಳದ ನೀರಿಗೆ ನಿಲ್ಲಬೇಕಾದವಳು ಆಕೆ.

ಆಮೇಲೆ ಫ್ಲೆಕ್ಸ್ ಬಂದು ಬೋರ್ಡು ಬರೆಸುವವರೇ ಇಲ್ಲವಾದರು. ಚಿತ್ರಪುಸ್ತಕವೂ ನಿಂತಿತು, ಈಗ ಮೊಬೈಲಿಗೆ ವಿಡಿಯೋ ಕಳಿಸುತ್ತಾರೆ. ನಾನು ಮಾತ್ರ ಅದೇ ಮಾತು ಹೇಳುತ್ತಲೇ ಇದ್ದೇನೆ. ಹೋದ ವರ್ಷ ಮೌಲಾಸಾಬರು ಅಂಗಡಿಯ ಬಾಗಿಲು ತೆಗೆಯುವಾಗಲೇ ಎದೆ ಹಿಡಿದುಕೊಂಡು ಕುಸಿದರು. ದವಾಖಾನೆ ಮುಟ್ಟಲಿಲ್ಲ.

ಮೂರನೇ ದಿನದ ಜಿಯಾರತ್ ಮುಗಿದ ಮೇಲೆ ಹುಸೇನಬಿಯನ್ನು ಮಾತಾಡಿಸಲು ಹೋದೆ. ಓಣಿಯ ಹೆಂಗಸರು ಬಂದು ಕೂತಿದ್ದರು, ಕೊಟ್ಟ ಚಾ ಹಾಗೇ ಮುಂದಿಟ್ಟುಕೊಂಡಿದ್ದರು. ಅಷ್ಟರಲ್ಲಿ ಮುನವಳ್ಳಿಯಿಂದ ರುಕ್ಮಿಣಿ ಬಂದಳು. ಮೈ ಕೈ ತುಂಬಿಕೊಂಡು ಚೆನ್ನಾಗಿದ್ದಳು. ಮುಖದ ಮೇಲೆ ಮಾತ್ರ ಹೆದರಿಕೆ. ಹುಸೇನಬಿಯ ಮಗ್ಗುಲಲ್ಲಿ ಕೂತು ಕೇಳಿದಳು.

“ಕಾಕೂ, ಕಾಕಾ ಗುಳಿಗಿ ಬಿಟ್ಟಿದ್ರೇನ್ರಿ?”

ಹೆಂಗಸರೆಲ್ಲ ಇತ್ತ ತಿರುಗಿದರು. ಅವರಿಗೆ ಎಂಥ ಗುಳಿಗಿ, ಅವರಿಗೇನೂ ಇರಲಿಲ್ಲ ಎಂದು ಒಂದು ಮಾತು ಅಂದಿದ್ದರೆ ಹುಸೇನಬಿಯ ಇಷ್ಟು ವರ್ಷದ ಅಪವಾದ ಅಲ್ಲೇ ಹರಿಯುತ್ತಿತ್ತು. ಆಕೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆಕೆ ಹೇಳಿಬಿಟ್ಟರೆ ತಪ್ಪೆನ್ನುವ ಬಾಯಿ ನನಗಿರಲಿಲ್ಲ.

“ಇಲ್ಲವಾ,” ಎಂದಳು, ಎಲ್ಲರಿಗೂ ಕೇಳುವಂತೆ. “ಒಂದ ದಿನಾನೂ ಬಿಟ್ಟಿಲ್ಲ. ನಾನ ಕೈಯಾಗ ಕೊಡತಿದ್ದೆ. ಅವ್ರು ಹೋಗಿದ್ದು ಎದಿಬ್ಯಾನಿಯಿಂದ.”

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹುಡುಗಿಯ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದಳು.

“ನೀ ತಪ್ಪಸಬ್ಯಾಡ ಮತ್ತ.”